ಅಣಶಿ ಘಾಟಿನಲ್ಲಿ ಅಪ್ಪನ ಚುಕ್ಕಾಣಿ

ಬೇಲೆಕೇರಿಯ ನಮ್ಮ ಕೇರಿಯಲ್ಲಿ ಕಾರು ಓಡಿಸಲು ಕಲಿತ ಮೊದಲ ಹೆಂಗಸು ನಾನು. ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ವರ್ಷಗಳವು. ಒಂದು ಹಳೆಯ ವ್ಯಾನು ಕೊಂಡ ಕೂಡಲೇ ಎಲ್ಲಿಗೆ ಹೋಗೋಣ ಎಂದು ಅವ್ವನನ್ನು ಕೇಳಿದೆ. ಧರ್ಮಸ್ಥಳ ಅನ್ನುತ್ತಾಳೆಂದುಕೊಂಡಿದ್ದೆ.

"ದಾಂಡೇಲಿಗೆ," ಅಂದಳು ಅವ್ವ. ಅಂಕೋಲೆ ಪೇಟೆಯಲ್ಲಿ ಅವಳ ಹತ್ತಿರ ಮೀನು ಕೊಳ್ಳುತ್ತಿದ್ದ ಒಬ್ಬ ಫಾರೆಸ್ಟ್ ಗಾರ್ಡು ಬಂದಾಗಲೆಲ್ಲ ಕಾಡಿನ ಕತೆ ಹೇಳುತ್ತಿದ್ದನಂತೆ. "ಬರೀ ಕೇಳಿ ಕೇಳಿ ಸಾಕಾಯ್ತು. ಒಂದ್ಸಲ ಕಣ್ಣಲ್ಲಿ ನೋಡ್ಬೇಕು."

ಅಪ್ಪ ನಲವತ್ತು ವರ್ಷ ಸಮುದ್ರದಲ್ಲಿ ದೋಣಿಯ ಚುಕ್ಕಾಣಿ ಹಿಡಿದವನು. "ಸಮುದ್ರದಲ್ಲಿ ಕಾಣದ್ದು ಕಾಡಲ್ಲಿ ಎಂತ ಅದೆ?" ಎಂದು ಬಲೆ ಹೆಣೆಯುತ್ತ ಕೂತ.

"ನೀವು ಮನೆ ಕಾಯ್ರಿ. ನಾ ಮಗಳ ಸಂಗಡ ಹೋಗ್ತೆ," ಅಂದಳು ಅವ್ವ. ಹೊರಡುವ ದಿನ ಬೆಳಿಗ್ಗೆ ನೋಡಿದರೆ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದ.

ಯಲ್ಲಾಪುರದ ದಾರಿಯಲ್ಲಿ ಲಾರಿಗಳ ಹಿಂದೆ ಧೂಳು ಕುಡಿಯುವುದು ಬೇಡವೆಂದು ಕಾರವಾರ, ಕದ್ರಾ ದಾಟಿ ಅಣಶಿ ಘಾಟು ಹಿಡಿದೆವು. ಆ ಸಲದ ಮಳೆ ಘಾಟಿನ ಡಾಂಬರನ್ನು ಕಿತ್ತು ತಿಂದಿತ್ತು. ರಸ್ತೆಯಲ್ಲಿ ಹೊಂಡ ಎನ್ನುವುದಕ್ಕಿಂತ ಹೊಂಡಗಳ ನಡುವೆ ಅಲ್ಲಲ್ಲಿ ರಸ್ತೆ ಎನ್ನಬೇಕು. ಹತ್ತು ತಿರುವು ದಾಟುವಷ್ಟರಲ್ಲಿ ಅಪ್ಪನ ಮುಖ ಬಿಳುಚಿತು. ಯಾವ ತೂಫಾನಿಗೂ ಹೊಟ್ಟೆ ತೊಳಸದ ಮನುಷ್ಯ ಇಳಿದು, ಒಂದು ಮತ್ತಿ ಮರ ಹಿಡಿದುಕೊಂಡು ವಾಂತಿ ಮಾಡಿದ. ಅವ್ವ ನೀರು ಕೊಟ್ಟಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೆಂದು ಭುಜ ನೋಡಿದರೇ ತಿಳಿಯುತ್ತಿತ್ತು.

ಮುಂದೆ ಝರಿಯೊಂದು ರಸ್ತೆಯನ್ನು ಅಡ್ಡಕ್ಕೆ ಕೊರೆದಿತ್ತು. ನಾನು ನೆಟ್ಟಗೆ ನುಗ್ಗಿಸಿದೆ. ಮುಂದಿನ ಚಕ್ರ ಇಳಿದು ಕೂತಿತು. ಅಪ್ಪ ಕೆಳಗಿಳಿದು ಸುತ್ತ ನೋಡಿದ. "ತೆರೆಗೆ ಯಾರಾದ್ರೂ ನೆಟ್ಟಗೆ ದೋಣಿ ಮೂತಿ ಕೊಡ್ತ್ರೋ? ಓರೆಯಾಗಿ ತಕ್ಕಂಬೇಕು." ಚಕ್ರದಡಿ ಕಲ್ಲು ಜೋಡಿಸಿ, ವ್ಯಾನನ್ನು ಎದುರಿನಿಂದ ನೂಕಲು ಅವ್ವನನ್ನು ನಿಲ್ಲಿಸಿ, ತಾನು ಬದಿಗೆ ನಿಂತು ಕೈಸನ್ನೆ ಮಾಡಿದ. ಹಿಂದಕ್ಕೆ ತೆಗೆದೆ. ಆಮೇಲೆ ಅವನು ಹೇಳಿದಂತೆ ಓರೆಯಾಗಿ ದಾಟಿಸಿದೆ. ಅಲ್ಲಿಂದ ಜೋಯಿಡಾದವರೆಗೂ "ಎಡಕ್ಕೆ, ಸಾವಕಾಶ, ಈಗ ಬಿಡು" ಎಂದು ಒಂದೊಂದು ಹೊಂಡಕ್ಕೂ ಅವನದೇ ಹುಕುಂ. ಹೊಟ್ಟೆ ತೊಳಸುವುದು ಅವನಿಗೆ ಮರೆತೇ ಹೋಯಿತು.

ದಾಂಡೇಲಿಯಲ್ಲಿ ಸಾಯಂಕಾಲದ ಸಫಾರಿ ಜೀಪಿನಲ್ಲಿ ಎರಡು ತಾಸು ಎದ್ದು ಬಿದ್ದು ಅಲೆದೆವು. ಕಂಡದ್ದು ಒಂದು ನವಿಲು, ಓಡಿಹೋದ ಜಿಂಕೆಯ ಹಿಂಭಾಗ, ಮತ್ತೆ ಆನೆಯ ಲದ್ದಿ. ಅವ್ವ ಲದ್ದಿಯನ್ನೂ ಇಳಿದು ನೋಡಬೇಕೆಂದಳು, ಗೈಡು ಬಿಡಲಿಲ್ಲ. ಆ ದಿನ ನನ್ನ ಸಹೋದ್ಯೋಗಿಯ ತವರಿನಲ್ಲಿ ಉಳಿದೆವು.

ಮರುದಿನ ಬೆಳಿಗ್ಗೆ ಘಾಟಿಳಿಯುವಾಗ ಒಂದು ತಿರುವಿನಲ್ಲಿ ಬ್ರೇಕು ಒತ್ತಿದೆ. ರಸ್ತೆ ತುಂಬ ಕಾಡುಕೋಣಗಳು. ಹನ್ನೊಂದು ಇದ್ದವು, ಒಂದು ಕರು ಸೇರಿ. ಕಾಲುಗಳು ಮೊಣಕಾಲಿನ ಕೆಳಗೆ ಮಾತ್ರ ಬಿಳಿ. ಹಾರ್ನಿಗೆ ಹೋದ ನನ್ನ ಕೈಯನ್ನು ಅಪ್ಪ ಹಿಡಿದ.

"ಇಂಜಿನ್ ಬಂದ್ ಮಾಡು," ಎಂದು ಪಿಸುಗುಟ್ಟಿದ. ಕಿಟಕಿಯಾಚೆ ಒಣಹುಲ್ಲು ಬಾಗುವುದನ್ನು ನೋಡುತ್ತಿದ್ದ. "ಗಾಳಿ ಅವುಗಳ ಕಡೆಯಿಂದ ಬತ್ತದೆ. ನಮ್ಮ ವಾಸನೆ ಅವಕ್ಕೆ ಸಿಕ್ಕೂದಿಲ್ಲ. ಮಾತಾಡಬೇಡಿ."

ಅರ್ಧ ಗಂಟೆ ಹಾಗೇ ಕೂತೆವು. ಗುಂಪಿನ ದೊಡ್ಡ ಕೋಣ ನಮ್ಮ ವ್ಯಾನಿನಷ್ಟೇ ಎತ್ತರವಿತ್ತು. ಉಸಿರು ಬಿಟ್ಟರೆ ನಮಗೆ ಕೇಳುತ್ತಿತ್ತು. ಕರು ಮಾತ್ರ ಹತ್ತಿರ ಬಂದು, ತಲೆ ಓರೆ ಮಾಡಿ ನಮ್ಮನ್ನು ನೋಡಿತು. ಅವ್ವ ನನ್ನ ಕಿವಿಯ ಹತ್ತಿರ ಬಾಗಿದಳು.

"ಎಲ್ಲವೂ ಬಿಳೀ ಸಾಕ್ಸ್ ಹಾಕ್ಕಂಡು ಶಾಲೆಗೆ ಹೊರಟಂಗೆ ಅದೆ, ಅಲ್ಲದೋ?"

ಅಪ್ಪ ಸದ್ದಾಗದಂತೆ ನಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡ. ಗಾಳಿ ತಿರುಗಿತೋ ಏನೋ, ದೊಡ್ಡ ಕೋಣ ಮೂತಿ ಎತ್ತಿತು. ಮರುಕ್ಷಣವೇ ಇಡೀ ಗುಂಪು ಇಳಿಜಾರಿನ ಪೊದೆ ಮುರಿದುಕೊಂಡು ಮರೆಯಾಯಿತು. ಅಷ್ಟು ಭಾರದ ಪ್ರಾಣಿಗಳು ಅಷ್ಟು ಬೇಗ ಹೇಗೆ ಇಲ್ಲವಾದವೋ ಈಗಲೂ ತಿಳಿಯದು.

ಕದ್ರಾದಲ್ಲಿ ಅಣೆಕಟ್ಟಿನ ನೀರಿನ ಹತ್ತಿರದ ಬಯಲಿನಲ್ಲಿ ವ್ಯಾನು ನಿಲ್ಲಿಸಿ ಅವ್ವ ತಂದಿದ್ದ ಒಣ ಸಿಗಡಿ ಚಟ್ನಿ, ಚಪಾತಿ ತಿಂದೆವು. ಕೈ ತೊಳೆದು ಬಂದ ಅಪ್ಪ ನನ್ನ ಸೀಟಿನ ಬಾಗಿಲ ಹತ್ತಿರ ನಿಂತ.

"ನಾನೊಂದು ಸಲ ಹಿಡಿತೆ."

ಬಯಲು ಖಾಲಿಯಿತ್ತು. ಕಾಲಡಿಯ ಪೆಡಲುಗಳಲ್ಲಿ ಯಾವುದು ಯಾವುದೆಂದು ಹೇಳಿಕೊಟ್ಟು ಪಕ್ಕದಲ್ಲಿ ಕೂತೆ. ದೋಣಿಯ ಚುಕ್ಕಾಣಿ ಎಡಕ್ಕೆ ನೂಕಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಅಪ್ಪ ಸ್ಟೇರಿಂಗನ್ನೂ ಹಾಗೇ ತಿರುಗಿಸಿದ. ಎಡಕ್ಕೆ ಹೋಗಬೇಕಾದ ವ್ಯಾನು ಬಲಕ್ಕೆ, ಅವ್ವ ಕೊಡೆ ಹಿಡಿದು ನಿಂತಿದ್ದ ಕಡೆಗೇ ಹೊರಟಿತು. ಅವಳು ಸೀರೆ ಎತ್ತಿ ಓಡಿ, ದೂರ ನಿಂತು, ಹೊಟ್ಟೆ ಹಿಡಿದು ನಕ್ಕಳು. ನಾನು ಹ್ಯಾಂಡ್ ಬ್ರೇಕು ಎಳೆದೆ.

"ಇನ್ನೊಂದು ಸುತ್ತು," ಅಂದ ಅಪ್ಪ. ಮೂರು ಸುತ್ತು ಹೊಡೆದ.