ತುಳಿದ ಅಣಬೆ

ಮದುವೆಯಾಗಿ ಭಾಗಮಂಡಲದ ಕಡೆಗೆ ಬಂದ ಮೊದಲ ಮಳೆಗಾಲದಲ್ಲಿ ನಾನು ಅಣಬೆ ತುಳಿದೆ. ಸೋಮವಾರಪೇಟೆಯ ಪೇಟೆಬೀದಿಯಲ್ಲಿ ಬೆಳೆದವಳು; ಸಂತೆಯ ಬುಟ್ಟಿಯಲ್ಲಿ ಬಿಟ್ಟರೆ ಅಣಬೆಯನ್ನು ಬೇರೆಲ್ಲೂ ನೋಡಿರಲಿಲ್ಲ. ಕಾಫಿ ತೋಟದ ನೆಲದಲ್ಲಿ ಅದೂ ಒಂದು ತರಗೆಲೆ ಅಂದುಕೊಂಡೆ. ಹಿಂದೆ ಬರುತ್ತಿದ್ದ ಓರಗಿತ್ತಿ ಅದನ್ನು ಎತ್ತಿಕೊಂಡರು. ಮಧ್ಯಾಹ್ನ ನೆಂಟರೆಲ್ಲ ಊಟಕ್ಕೆ ಕೂತಾಗ ಆ ಜಜ್ಜಿದ ಅಣಬೆಯನ್ನು ಬಾಳೆಲೆಯ ಚೂರಿನ ಮೇಲೆ ನನ್ನ ತಟ್ಟೆಯ ಪಕ್ಕ ಇಟ್ಟರು.

"ನೋಡಿ ಮಾರಾಯ್ರೆ, ನಮ್ಮ ಹೊಸಬಳ ಕಣ್ಣು!"

ಎಲ್ಲರೂ ನಕ್ಕರು. ಅಂದಿನಿಂದ ಆ ಮನೆಯಲ್ಲಿ ನನಗೆ ಕುರುಡಿ ಎಂದೇ ಹೆಸರು. ಸಾರಿಗೆ ಉಪ್ಪು ಕಡಿಮೆಯಾದರೂ ಕುರುಡಿ, ಹಾಲು ಉಕ್ಕಿದರೂ ಕುರುಡಿ. ಆ ಹೆಸರನ್ನು ಅವರಿಗೇ ವಾಪಸು ಕೊಡಬೇಕೆಂದು ಹಲ್ಲು ಕಚ್ಚಿಕೊಂಡು ಕಾದೆ.

ಅಣಬೆ ಏಳುವ ಜಾಗವನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಾನೇ ಕಲಿತೆ. ಒಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಸರಿಯಾಗಿ ನೋಡಿದರೆ ಸಾಕು, ಅದುವರೆಗೆ ಬರೀ ಎಲೆಯಾಗಿದ್ದ ನೆಲದಲ್ಲಿ ಪಕ್ಕದ್ದು ತಾನಾಗಿ ಕಾಣಿಸುತ್ತದೆ. ಇನ್ನೊಂದನ್ನೂ ಗಮನಿಸಿದೆ. ತೋಟಕ್ಕೆ ಕಾಲಿಟ್ಟ ಕೂಡಲೇ ಓರಗಿತ್ತಿಯ ಕಣ್ಣು ಹಲಸಿನ ಬುಡದ ಹುತ್ತಕ್ಕೆ ಅಂಟಿಕೊಳ್ಳುತ್ತಿತ್ತು. ವರ್ಷ ವರ್ಷ ಅಣಬೆ ಅಲ್ಲೇ ಸಿಕ್ಕಿ ಸಿಕ್ಕಿ, ಬೇರೆ ನೆಲ ಅವರ ಪಾಲಿಗೆ ಇರಲೇ ಇಲ್ಲ.

ಹೋದ ವರ್ಷ ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಅದೇ ನೆಂಟರು ಮತ್ತೆ ಬಂದರು. ಓರಗಿತ್ತಿ ಚೀಲ ಹಿಡಿದು ಮುಂದೆ, ನಾನು ಹಿಂದೆ. ಈ ಸಲ ಅಣಬೆ ಎದ್ದದ್ದು ಹುತ್ತದಲ್ಲಲ್ಲ, ಅದಕ್ಕಿಂತ ಕೆಳಗೆ, ನೀರು ಹೋಗುವ ಕಣಿಯ ಅಂಚಿನಲ್ಲಿ. ದೊಡ್ಡ ಗುಂಪು. ಅವರು ಹುತ್ತವನ್ನೇ ನೋಡುತ್ತಾ ಆ ಗುಂಪಿನ ಮೇಲೆಯೇ ಹೆಜ್ಜೆ ಇಟ್ಟು ದಾಟಿದರು. ನಾನು ತುಟಿ ಬಿಚ್ಚಲಿಲ್ಲ.

"ಈ ವರ್ಷ ಎದ್ದೇ ಇಲ್ಲ," ಎಂದು ಅವರು ಖಾಲಿ ಚೀಲ ಕೊಡವಿ ಮನೆಗೆ ಹೋದ ಮೇಲೆ ಸೆರಗು ತುಂಬ ಕಿತ್ತೆ. ಸಾರು ಮಾಡಿ ಬಡಿಸಿದೆ. ನೆಂಟರು ಮತ್ತೆ ಮತ್ತೆ ಹಾಕಿಸಿಕೊಂಡರು.

"ಎಲ್ಲಿತ್ತೇ ಇದು?" ಓರಗಿತ್ತಿ ಕೇಳಿದರು.

ಬಾಳೆಲೆಯ ಚೂರೊಂದನ್ನು ತಂದು ಅವರ ತಟ್ಟೆಯ ಪಕ್ಕ ಇಟ್ಟೆ. ಅದರ ಮೇಲೊಂದು ಅಣಬೆ, ಅಣಬೆಯ ಮೇಲೆ ಅವರ ಗಂಬೂಟಿನ ಅಚ್ಚು.

"ನಿಮ್ಮ ಕಾಲ ಕೆಳಗೇ ಇತ್ತು, ಅಕ್ಕ."

ಮೊದಲು ನಕ್ಕವರು ಅತ್ತೆ. ಆಮೇಲೆ ಎಲ್ಲರೂ. ಓರಗಿತ್ತಿ ಮಾತ್ರ ತಲೆ ಎತ್ತದೆ ಆ ಅಣಬೆಯನ್ನೇ ನೋಡುತ್ತಿದ್ದರು. ಈಗ ಅದು ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು.