ಹೊಳೆವ್ವ ಗಣಿ ನೋಡಲು ಹೋದದ್ದು

ಪಾಲಬಾವಿಯ ಹೊಳೆವ್ವ ಷೇರು ಕೊಂಡದ್ದು ನನ್ನ ಮಾತು ಕೇಳಿ. ಆ ಹೊಣೆಯಿಂದ ನಾನು ತಪ್ಪಿಸಿಕೊಳ್ಳುವಂತಿಲ್ಲ.

ಪ್ರತಿ ಬೇಸಿಗೆ ಆಕೆಯ ಮನೆಯವರ ಕುರಿ ಹಿಂಡು ಗೊಬ್ಬರಕ್ಕೆಂದು ಸತ್ತಿ ಊರಿನ ನಮ್ಮ ಹೊಲದಲ್ಲಿ ನಿಲ್ಲುತ್ತದೆ. ಹೋದ ವರ್ಷ ನಾನು ಬದುವಿನ ಮೇಲೆ ಕುಳಿತು ಮೊಬೈಲಿನಲ್ಲಿ ಷೇರಿನ ದರ ನೋಡುತ್ತಿದ್ದಾಗ ಅದೇನೆಂದು ಕೇಳಿದಳು. ಕರೆಂಟಿನ ಕಾರುಗಳು ಹೆಚ್ಚುತ್ತಿವೆ, ಅವುಗಳ ಬ್ಯಾಟರಿಗೆ ಗ್ರಾಫೈಟ್ ಬೇಕು, ಪೆನ್ಸಿಲ್ಲಿನೊಳಗಿನ ಕಪ್ಪು ಕಡ್ಡಿಯಲ್ಲಿರುವುದೂ ಅದೇ, ಒಡಿಶಾದಲ್ಲಿ ಅದನ್ನು ಅಗೆಯುವ ಕಂಪನಿಯಲ್ಲಿ ನನ್ನದೂ ಪಾಲಿದೆ ಎಂದೆ. ದ್ರಾಕ್ಷಿ ಬೆಳೆಗಾರ ನಾನು, ಬಿ.ಕಾಂ. ಬೇರೆ ಓದಿದವನು, ಭಾಷಣ ಉದ್ದವೇ ಆಯಿತು.

ಪಾಲು ಎಂದರೆ ಹೊಳೆವ್ವನಿಗೆ ಗೊತ್ತು. ಅವರಲ್ಲಿ ಕುರಿಗಳನ್ನು ಪಾಲಿಗೆ ಕೊಡುತ್ತಾರೆ: ಒಬ್ಬರ ಕುರಿ, ಇನ್ನೊಬ್ಬರು ಮೇಯಿಸುವುದು, ಹುಟ್ಟಿದ ಮರಿಗಳಲ್ಲಿ ಅರ್ಧ ಅರ್ಧ. ಹಿಂಡಿಗೆ ಬೇನೆ ಬಂತೆಂದರೆ ಕುರಿ ಕೊಟ್ಟವರು ಬುತ್ತಿ ಕಟ್ಟಿಕೊಂಡು ಹೋಗಿ ನಾಲ್ಕು ದಿನ ಜೊತೆಗಿದ್ದು ಬರಬೇಕು. ಹೋಗದವರ ಕುರಿಗಳನ್ನು ಮುಂದೆ ಯಾರೂ ಪಾಲಿಗೆ ಹಿಡಿಯುವುದಿಲ್ಲ. ದೊಡ್ಡ ಹಿಂಡು ಮೈದುನಂದಿರದು. ತವರಿನಿಂದ ಬಂದ ಹನ್ನೆರಡು ಕುರಿಗಳಷ್ಟೇ ವಿಧವೆ ಹೊಳೆವ್ವನ ಸ್ವಂತದವು. ಅವುಗಳಲ್ಲಿ ಆರು ಮಾರಿ, ಮಗಳು ಉಜ್ವಲಾಳಿಂದ ಖಾತೆ ತೆರೆಸಿ, ಪೂರಾ ಹಣವನ್ನು ಅದೇ ಕಂಪನಿಗೆ ಹಾಕಿಸಿದಳು.

ಮಳೆಗಾಲದಲ್ಲಿ ಗಣಿಯ ಗುಂಡಿಗೆ ನೀರು ತುಂಬಿ ಕೆಲಸ ನಿಂತಿತು. ದರ ಅರ್ಧಕ್ಕಿಳಿಯಿತು. ನಾನು ಬೆಳಗಿನ ಚಹಾ ಮುಗಿಸುವಷ್ಟರಲ್ಲಿ ನನ್ನವನ್ನೆಲ್ಲ ಮಾರಿ ಕೈತೊಳೆದುಕೊಂಡೆ. ಆಮೇಲೆ ಹೊಳೆವ್ವನಿಗೆ ಫೋನ್ ಮಾಡಿ, ಉಳಿದಷ್ಟಾದರೂ ಉಳಿಯಲಿ, ಮಾರಿಬಿಡು ಎಂದೆ. ನಾನು ಮಾರಿದ್ದನ್ನು ಮಾತ್ರ ಹೇಳಲಿಲ್ಲ, ನಾಚಿಕೆಯಾಯಿತು. ಆಕೆ ಕೇಳಿದ್ದು ಒಂದೇ, ಒಡಿಶಾಕ್ಕೆ ಯಾವ ರೈಲು ಹೋಗುತ್ತದೆ ಅಂತ.

ತಲೆ ಕೆಟ್ಟಿದೆಯೇ ಎಂದು ಬೈದೆ. ಷೇರು ಕೊಂಡವರು ಗಣಿಗೆ ಹೋಗುವ ಪದ್ಧತಿಯೇ ಇಲ್ಲವೆಂದು ಗಂಟಲು ಹರಿಯುವಂತೆ ಹೇಳಿದೆ. ತಾಯಿ ಮಗಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೇಬಿಟ್ಟರು.

ಹನ್ನೊಂದನೆಯ ದಿನ ಹೊಳೆವ್ವ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಳು. ಗೇಟಿನಲ್ಲಿ ತಡೆದರಂತೆ, ಉಜ್ವಲಾ ಷೇರಿನ ಕಾಗದ ತೋರಿಸಿದ ಮೇಲೆ ಮ್ಯಾನೇಜರೇ ಬಂದು ಒಳಗೆ ಕರೆದೊಯ್ದು ಕುರ್ಚಿ ಹಾಕಿಸಿದನಂತೆ. ಅಲ್ಲಿಯವರೆಗೆ ಷೇರು ಕೊಂಡ ಒಬ್ಬ ಮನುಷ್ಯನೂ ಆ ಗಣಿಗೆ ಕಾಲಿಟ್ಟಿರಲಿಲ್ಲ. ಇವಳು ಮೂರು ದಿನ ದಂಡೆಯ ಮೇಲೆ ಕುಳಿತು ಪಂಪುಗಳು ನೀರೆತ್ತುವುದನ್ನು ನೋಡಿದ್ದಾಳೆ, ಕೆಲಸದವರಿಗೆ ರೊಟ್ಟಿ ಹಂಚಿದ್ದಾಳೆ. ಮೊದಲ ದಿನ ಮುಳುಗಿದ್ದ ಲಾರಿ ದಾರಿ ಮೂರನೆಯ ದಿನ ಅರ್ಧದವರೆಗೆ ಕಂಡಿತಂತೆ.

"ಮಾರೂದಿಲ್ರಿ ಸಾವಕಾರ್ರ," ಎಂದಳು. "ನೀರ ಇಳ್ಯಾಕತ್ತೈತಿ, ಕಣ್ಣಾರೆ ನೋಡಿ ಬಂದೀನಿ. ಅಲ್ರಿ, ನೀವ್ಯಾಕ ಬರಲಿಲ್ಲ? ನಿಮ್ಮ ಪಾಲೂ ಅಲ್ಲೇ ಐತೆಲ್ಲ?"

ಚಹಾ ತಂದ ನನ್ನ ಹೆಂಡತಿ ಶೈಲಾ ನನ್ನ ಮುಖವನ್ನೇ ನೋಡುತ್ತ ನಿಂತಳು. ಇನ್ನು ಮುಚ್ಚಿಡಲಾಗಲಿಲ್ಲ. ಅವತ್ತೇ ಮಾರಿಬಿಟ್ಟೆ ಎಂದೆ. ಬೈಯಲಿ ಎಂದು ತಲೆ ತಗ್ಗಿಸಿ ಕುಳಿತೆ. ಹೊಳೆವ್ವ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ನಿಧಾನವಾಗಿ ಕುಡಿದಳು.

"ಹೋಗ್ಲಿ ಬಿಡ್ರಿ," ಎಂದಳು. "ಇವತ್ತ ಮತ್ತ ತಗೋರಿ. ಗುಂಡಿ ಖಾಲಿ ಆತಂದ್ರ ಇಷ್ಟು ಸೋವಿ ಸಿಗೂದಿಲ್ಲ."