ಮೆಟ್ಟಿಲ ಕೆಳಗಿನ ಅಕ್ಕ, ಮೂರು ಪೆನ್‌ಡ್ರೈವ್

ಈ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿದೆಯೆಂದರೆ ಎದುರಿನ ಕಟ್ಟಡ ಇದೆಯೆಂದು ನಂಬಿಕೊಳ್ಳಬೇಕು, ಅಷ್ಟೆ. ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅಲ್ಲಿ ಬೆನ್ನು ಬಗ್ಗಿಸಿ ಕುಳಿತ ಹೆಂಗಸು ಕಣ್ಮುಚ್ಚಿ ಒಂದು ಕ್ಷಣ ಕೈಮುಗಿದು, ಹಳೆಯ ಲ್ಯಾಪ್‌ಟಾಪಿನ ತಳ ಬಿಚ್ಚುತ್ತಾರೆ. ಬೀದಿಗೆಲ್ಲ ಅವರು ಸ್ಕ್ರೂ ಅಕ್ಕ. ಫ್ಯಾನಿನ ಧೂಳನ್ನು ಬ್ರಷ್ಷಿನಿಂದ ಕೆರೆದು, ಉಫ್ ಎಂದು ಊದುತ್ತಾರೆ. "ಉಸಿರು ಕಟ್ಟಿತ್ತು ಪಾಪ. ಸತ್ತಿಲ್ಲ."

ಲ್ಯಾಪ್‌ಟಾಪು ಪಕ್ಕದ ಸ್ಟೂಲಿನಲ್ಲಿ ಕೂತಿರುವ ಟೈಪಿಂಗ್ ಅಮ್ಮನದು. ಕಚೇರಿಯ ಗೇಟಿನ ಬಳಿ ಜನರ ಅರ್ಜಿ ಟೈಪ್ ಮಾಡಿಕೊಡುವುದೇ ಅವರ ಅನ್ನ. ಎರಡೇ ಜಿಬಿ ರ‍್ಯಾಮ್ ಎಂದು ಕೇಳಿದ್ದೇ ತಡ, ದೊಡ್ಡ ಅಂಗಡಿಯವರು ಗುಜರಿಗೆ ಹಾಕಿ ಅಂದರಂತೆ. ಇದು ಏಳದಿದ್ದರೆ ಗೇಟಿನ ಬಳಿಯ ಜಾಗ ಬೇರೆಯವರ ಪಾಲು.

"ಗುಜರಿಗಂತೆ! ವಯಸ್ಸಾಯ್ತು ಅಂತ ನಾಳೆ ನನ್ನನ್ನೂ ತೂಕಕ್ಕೆ ಹಾಕ್ತಾರೇನು?"

"ಹಾಕ್ಲಿ ನೋಡೋಣ ಅಮ್ಮ. ತಕ್ಕಡೀನೇ ಮುರೀತೀನಿ."

ಅಕ್ಕನೂ ಒಂದು ಕಾಲಕ್ಕೆ ಅದೇ ದೊಡ್ಡ ಅಂಗಡಿಯಲ್ಲಿದ್ದವರು. ಜನ ಬಿಟ್ಟುಹೋದ ಯಂತ್ರಗಳನ್ನು ಗೋಣಿಗೆ ತುಂಬುವ ಕೆಲಸ. ಒಂದು ದಿನ ಗೋಣಿ ಕೆಳಗಿಟ್ಟು ಹೊರಬಂದರು. ಮನೆಯಲ್ಲಿ ಎಲ್ಲರೂ ಬೈದರು. "ಎತ್ತಿನ ಮೇಲೆ ಹೊರಲಾರದಷ್ಟು ಹೇರೋದು, ಆಮೇಲೆ ಎತ್ತು ಸೋಮಾರಿ ಅನ್ನೋದು. ನನ್ನ ಕೈಲಾಗ್ಲಿಲ್ಲ" ಎನ್ನುತ್ತಾರೆ. ಅಂದಿನಿಂದ ಭಾರ ಇಳಿಸುವುದೇ ಅವರ ಕಸುಬು. ಹಳೆಯ ಯಂತ್ರದಿಂದ ಭಾರವಾದ ವಿಂಡೋಸ್ ತೆಗೆದು, ಅದರ ಬದಲಿಗೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಲಿನಕ್ಸ್ ಹಾಕುತ್ತಾರೆ.

ಲಿನಕ್ಸಿನಲ್ಲೂ ಬಗೆಗಳುಂಟು. ಯಾವುದು ಹೊಂದೀತೆಂದು ಅಕ್ಕ ತಾವಾಗಿ ಆರಿಸುವುದಿಲ್ಲ. ಪೆನ್‌ಡ್ರೈವ್‌ನಿಂದಲೇ ಒಂದೊಂದು ಬಗೆಯನ್ನೂ ಓಡಿಸಿ, ಯಂತ್ರದ ಒಡೆಯರನ್ನು ಮುಂದೆ ಕೂರಿಸಿ, ತಾವು ಕೈಕಟ್ಟಿಕೊಳ್ಳುತ್ತಾರೆ. ಹೇಗೆಂದು ಯಾರನ್ನೂ ಕೇಳದೆ ಅವರೇ ಕೆಲಸ ಮುಗಿಸಿ ಆಫ್ ಮಾಡಿದರೆ, ಅವರಿಗೆ ಅದೇ ಸರಿ.

ಮೊದಲು ಉಬುಂಟು. ತೆರೆಯೇನೋ ಚೆಂದ, ಮೌಸಿನ ಬಾಣ ಮಾತ್ರ ನಿಂತಲ್ಲೇ ನಿಲ್ಲುತ್ತದೆ. "ಮದುವೆಮನೆ ಹಾಗಿದೆ ಕಣೆ. ನನ್ನನ್ನ ಬಾಗಿಲಲ್ಲೇ ನಿಲ್ಸಿದೆ." ಎರಡನೆಯದು ಪಪ್ಪಿ. "ಓಡೋದೇನೋ ಓಡ್ತಿದೆ. ನನ್ನ ಸಾಮಾನು ಎಲ್ಲಿಟ್ಟಿದೆ ಅಂತ ಹೇಳ್ತಿಲ್ಲ."

ಮೂರನೆಯದು ಮಿಂಟ್ ಎಂಬ ಬಗೆಯ ಹಗುರ ರೂಪ. ಅಮ್ಮನ ಕೈ ಅಭ್ಯಾಸದಿಂದ ತೆರೆಯ ಕೆಳಮೂಲೆಗೆ ಹೋಗುತ್ತದೆ. ಮೆನು ಅಲ್ಲೇ ಇದೆ. ಬೆರಳಿಗೆ ಅಕ್ಷರಗಳೂ ಸಿಗುತ್ತವೆ. ಅಮ್ಮ ಚೀಲದಿಂದ ಕೈಬರಹದ ಹಾಳೆ ತೆಗೆಯುತ್ತಾರೆ. ಇವತ್ತೇ ಕೊಡಬೇಕಾದ ಅರ್ಜಿ. ಗಂಡ ತೀರಿಕೊಂಡ ಹೆಂಗಸೊಬ್ಬರದು. ಟಕಟಕ ಎಂದು ಪುಟ ಮುಗಿಸಿ, ಮತ್ತೆ ಮೂಲೆಗೆ ಹೋಗಿ, ಆಫ್ ಮಾಡುತ್ತಾರೆ.

"ಯಾರನ್ನೂ ಕೇಳ್ಲಿಲ್ಲ ನೋಡು!"

ಅಕ್ಕನ ಮುಖ ಇಳಿದುಹೋಗುತ್ತದೆ. ಪೆನ್‌ಡ್ರೈವ್‌ನ ಪರೀಕ್ಷೆಯಲ್ಲಿ ಬರೆದದ್ದೆಲ್ಲ ಆಫ್ ಮಾಡಿದೊಡನೆ ಅಳಿದುಹೋಗುತ್ತದೆ. "ಹೇಳೋದು ಮರೆತೆ ಅಮ್ಮ. ನಿಮ್ಮ ಪುಟ ಹೋಯ್ತು. ತಪ್ಪು ನನ್ನದು."

ಅಮ್ಮ ಕತ್ತಲಾದ ತೆರೆಯನ್ನೇ ನೋಡುತ್ತಾರೆ. ಮಂಜಿನೊಳಗೆ ಎಲ್ಲೋ ಸೈಕಲ್ ಗಂಟೆ.

"ಪುಟ ಹೋದ್ರೆ ಹೋಗ್ಲಿ, ಇದು ಹೋಗ್ಬಾರ್ದು. ಹಾಕು ಇದನ್ನೇ."

ಲಿನಕ್ಸ್ ಯಂತ್ರಕ್ಕೆ ಇಳಿಯುತ್ತಿರುವಷ್ಟು ಹೊತ್ತು ಅಮ್ಮ ಗೋಡೆಗೊರಗಿ ತೂಕಡಿಸುತ್ತಾರೆ. ಅಕ್ಕ ಆ ಕೈಬರಹದ ಹಾಳೆಯನ್ನು ಎದುರಿಗಿಟ್ಟುಕೊಂಡು ತಮ್ಮ ಕಂಪ್ಯೂಟರಿನಲ್ಲಿ ಎರಡೇ ಬೆರಳಲ್ಲಿ ಏನನ್ನೋ ಕುಟ್ಟುತ್ತಾರೆ. ನಿಮಗೇನು ಬೇಕು ಅಕ್ಕ ಎಂದು ಯಾರು ಕೇಳಿದರೂ ತಲೆ ಎತ್ತದೆ ಹೇಳುತ್ತಾರೆ: "ದೊಡ್ಡ ಅಂಗಡಿ ಬೇಡ. ಈ ಮೆಟ್ಟಿಲು ಒಂದು ಮೊಳ ಮೇಲಿದ್ರೆ ಸಾಕು. ತಲೆ ಎತ್ತಿ ಕೂರ್ತೀನಿ. ಬಗ್ಗೋದು ಸ್ಕ್ರೂ ಬಿಚ್ಚೋಕೆ ಮಾತ್ರ."

ಮಂಜು ಸರಿಯುವ ಹೊತ್ತಿಗೆ ಪೆನ್‌ಡ್ರೈವ್ ಇಲ್ಲದೆಯೇ ಲ್ಯಾಪ್‌ಟಾಪು ತಾನಾಗಿ ಏಳುತ್ತದೆ. ಅಮ್ಮನೂ ಎದ್ದು, ಗೇಟಿಗೆ ಹೊರಡಲು ಅದನ್ನು ಮಡಚುತ್ತಾರೆ. ಅಕ್ಕನ ಪ್ರಿಂಟರಿನಿಂದ ಬಂದ ಅರ್ಜಿಯ ಹಾಳೆ ಇನ್ನೂ ಬೆಚ್ಚಗಿದೆ. ಅಕ್ಕ ಅದನ್ನು ಮಡಚಿದ ಲ್ಯಾಪ್‌ಟಾಪಿನ ಮೇಲಿಟ್ಟು ಅಮ್ಮನ ಕಡೆಗೆ ಸರಿಸುತ್ತಾರೆ.